ಪಾದ ಮುಳುಗದ ಗಲ್ಲಿ

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನೇ. ನೆಲದ ಏರುತಗ್ಗು ಅಳೆಯುವುದು ನನ್ನ ಕೆಲಸ. ಮುಂಬಯಿಯಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಈ ಜಂಬವನ್ನು ನೆನಪಿಟ್ಟುಕೊಂಡೇ ಮುಂದೆ ಓದಿ.

ಬಹಳ ವರ್ಷಗಳ ಹಿಂದಿನ ಮಳೆಗಾಲದ ಸಂಜೆ. ಲೋಕಲ್ ರೈಲು ನಿಂತುಹೋಗಿತ್ತು. ಪುಟ್ಟ ಮಗಳನ್ನು ಶಾಲೆಯಿಂದ ಕರೆದುಕೊಂಡು ಆಂಟಾಪ್ ಹಿಲ್‌ನ ನಮ್ಮ ಮನೆಗೆ ನಡೆದೇ ಹೊರಟಿದ್ದೆ. ಮಳೆ ನಿಂತರೂ ಸಮುದ್ರದ ಭರತ ಇಳಿದಿರಲಿಲ್ಲ. ಎತ್ತರದ್ದೆಂದು ನಾನು ನಂಬಿ ಬಂದ ದೊಡ್ಡ ರಸ್ತೆಯಲ್ಲೇ ಜನ ಎದೆಮಟ್ಟದ ನೀರಿನಲ್ಲಿ ಕೈಕೈ ಹಿಡಿದು ಸಾಗುತ್ತಿದ್ದರು. ಮೂಲೆಯ ಕಟ್ಟೆಯ ಮೇಲೆ ನಿಂತು ಮಗಳನ್ನು ಹೆಗಲೇರಿಸಿಕೊಂಡೆ. ತೆರೆದ ಮ್ಯಾನ್‌ಹೋಲಿಗೆ ಕಾಲಿಟ್ಟರೆ ಇಬ್ಬರ ಕಥೆಯೂ ಮುಗಿದಂತೆ. ನಿಜಕ್ಕೂ ಹೆದರಿದ್ದೆ.

"ಬಾಳಾ, ಪಾಣ್ಯಾತ್ ಉತರೂ ನಕೋ. ಇಕಡೂನ್ ಯೆ." ನೀರಿಗಿಳಿಯಬೇಡ, ಈ ಕಡೆಯಿಂದ ಬಾ ಎಂದು ಪಕ್ಕದ ಗಲ್ಲಿಯಿಂದ ಒಬ್ಬ ಮುದುಕಿ ಕರೆದಳು. ತಲೆಯ ಮೇಲೆ ಬುಟ್ಟಿ. ಆ ಗಲ್ಲಿ ಇನ್ನೂ ತಗ್ಗಿನದು, ಅಳೆದವನೇ ನಾನು. ಹಾಗೆಂದೆ. ಅವಳು ಮುಂದೆ ನಡೆದಳು. ನೀರು ಅವಳ ಪಾದವನ್ನೂ ಮುಚ್ಚಲಿಲ್ಲ.

"ಪಪ್ಪಾ, ಚಲೋ ನಾ! ಆಜಿ ಹೋಗ್ತಿದಾಳೆ," ಎಂದು ಮಗಳು ನನ್ನ ಕೂದಲು ಜಗ್ಗಿದಳು.

ಅವಳ ಹಿಂದೆಯೇ ಹೋದೆ. ಕಾಲ ಕೆಳಗೆ ಗಟ್ಟಿ ಮಣ್ಣು, ಒಬ್ಬರು ನಡೆಯುವಷ್ಟೇ ಅಗಲ. ಸಿಮೆಂಟಿನ ಗಲ್ಲಿಗೆ ಮಣ್ಣು ಎಲ್ಲಿಂದ ಬಂತೆಂದು ಆಗ ಹೊಳೆಯಲೇ ಇಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ, ಕೈಮುಗಿಯೋಣವೆಂದು ತಿರುಗಿದರೆ ಮುದುಕಿ ಇಲ್ಲ.

ಬಾಗಿಲಲ್ಲಿ ಅಳುತ್ತ ನಿಂತಿದ್ದ ಹೆಂಡತಿ, ಯಾವ ಕಡೆಯಿಂದ ಬಂದಿರಿ ಎಂದಳು. ಗಲ್ಲಿಯ ಹೆಸರು ಹೇಳಿದೆ.

"ಸುಮ್ನಿರ್ರೀ, ಅಲ್ಲಿ ಟ್ಯಾಕ್ಸಿನೇ ಮುಳುಗಿ ಕೂತಿದೆಯಂತೆ!"

ಆಮೇಲೆ ಬಗ್ಗಿ ನನ್ನ ಪ್ಯಾಂಟು ಮುಟ್ಟಿ ನೋಡಿದಳು. ಆ ದಿನ ಮನೆ ಸೇರಿದವರೆಲ್ಲರ ಬಟ್ಟೆಯ ಮೇಲೂ ಕಪ್ಪು ಕೆಸರಿನ ಗೆರೆ ಎದೆಯವರೆಗೆ ಇತ್ತು. ನನ್ನದು ಹಿಮ್ಮಡಿಯ ಹತ್ತಿರವೇ ನಿಂತಿತ್ತು.

ನೀರಿಳಿದ ಮೇಲೆ ಉಪಕರಣ ಹೊತ್ತುಕೊಂಡು ಹೋಗಿ ಮತ್ತೆ ಅಳೆದೆ. ಸುತ್ತಮುತ್ತಲಲ್ಲಿ ಅದೇ ಗಲ್ಲಿ ಎಲ್ಲಕ್ಕಿಂತ ತಗ್ಗು. ಹಿಂದೆ ಅಲ್ಲಿ ಉಪ್ಪಿನಾಗರವಿತ್ತು, ಹೆಂಗಸರು ಬುಟ್ಟಿ ಹೊತ್ತು ಎತ್ತರದ ಮಣ್ಣಿನ ಬದುವಿನ ಮೇಲೆ ಓಡಾಡುತ್ತಿದ್ದರು ಎಂದು ನೆರೆಯ ಹಳಬರು ಹೇಳಿದರು. ಇದ್ದರೂ ಇದ್ದಿರಬಹುದು. ಆ ಬದುವನ್ನು ಅಗೆದು ಸಿಮೆಂಟು ಹಾಕಿ ಎಷ್ಟು ಕಾಲವಾಯಿತು!

ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವಳ ಋಣ ಮಾತ್ರ ಅರ್ಥವಾಗಿದೆ. ಆ ಗಲ್ಲಿ ಬಂದಾಗಲೆಲ್ಲ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತೇನೆ. ನೋಡಿದವರು ನಗುತ್ತಾರೆ. ನನ್ನಷ್ಟೇ ಎತ್ತರ ಬೆಳೆದಿರುವ ಮಗಳು ಜೊತೆಗಿದ್ದರೆ ತನ್ನವನ್ನೂ ಕಳಚುತ್ತಾಳೆ.