ಕುಬುಸದ ಮನೆಯ ರಾಕ್ ಹಾಡು

ಕಳೆದ ಭಾನುವಾರ ನಾನು ಒಬ್ಬ ಹುಡುಗಿಯ ಸಂಕಟಕ್ಕೆ ಚಪ್ಪಾಳೆ ತಟ್ಟಿದೆ. ಬರೀ ಚಪ್ಪಾಳೆಯಲ್ಲ, ತಾಳ ಹಾಕಿ, ತಲೆಯನ್ನೂ ಆಡಿಸಿದೆ.

ಬರೆಯಲು ಕೂತರೆ ಈಗಲೂ ನಾಚಿಕೆಯಾಗುತ್ತದೆ.

ಅಳವಂಡಿಯಲ್ಲಿ ಶಿಲ್ಪಾಳ ಕುಬುಸವಿತ್ತು, ಅಂದರೆ ಸೀಮಂತ. ಏಳು ತಿಂಗಳ ಬಸುರಿ. ಕೊಪ್ಪಳದ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವಳು, ಬಿ.ಎ. ಮುಗಿಸಿ ಆ ಊರಿಗೆ ಸೊಸೆಯಾಗಿ ಹೋದವಳು. ಗಂಡ ಕುಷ್ಟಗಿಯಲ್ಲಿ ಸರಕಾರಿ ನೌಕರ, ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಹನ್ನೊಂದು ಜನ. ಜೊತೆಗೆ ಎರಡು ಎಮ್ಮೆ. ಬೇಜಾರಿಗೆ ಪುರುಸೊತ್ತೆಲ್ಲಿ ಎಂದುಕೊಂಡಿದ್ದೆ.

ಕುಬುಸದಲ್ಲಿ ಬಸುರಿಯ ಬಯಕೆ ಕೇಳುತ್ತೇವಲ್ಲ? ಅವಳು ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಎದುರಿಗೆ ಹೋಳಿಗೆ, ಕರ್ಚಿಕಾಯಿ, ಥರಾವರಿ ಬುತ್ತಿ. ಅತ್ತೆ ಗಂಗವ್ವ ಕೇಳಿದರು.

"ಏನ್ ಬಯಕಿ ಐತೆವಾ? ನಾಚಬ್ಯಾಡ, ಹೇಳು."

"ತಿನ್ನೂದಲ್ರಿ ಅತ್ತಿ. ಒಂದ್ ಇಂಗ್ಲಿಷ್ ಹಾಡು ಐತಿ. ಸ್ಪೀಕರ್‌ನ್ಯಾಗ ಹಚ್ಚಸ್ರಿ."

ನಗೆಯೋ ನಗೆ. "ಕೂಸು ಸೂಟು ಬೂಟು ಹಾಕ್ಕೊಂಡ ಬರತೈತಿ ಬಿಡು" ಎಂದರು ಯಾರೋ. ಶಿಲ್ಪಾಳ ನಾದಿನಿ ಮೊಬೈಲಿಗೆ ಸ್ಪೀಕರ್ ಜೋಡಿಸಿದಳು.

ರಾಕ್ ಹಾಡು. ಗಿಟಾರು, ಡ್ರಮ್ಮು, ಗಂಟಲು ಹರಿಯುವಂತೆ ಕೂಗುವ ಒಬ್ಬ ಗಂಡಸು. ಸೋಬಾನೆ ಹಾಡಬೇಕಿದ್ದ ಅಜ್ಜಿಯರೂ ಹುರುಪಿನಿಂದ ಕೈ ತಟ್ಟಿದರು. ನಾನು ಹಿಂದೆ ಬಿದ್ದೇನಾ?

ಹಾಡು ಮುಗಿಯಿತು. ಗಂಗವ್ವ ನನ್ನ ಕಡೆ ತಿರುಗಿದರು.

"ಟೀಚರ್, ಏನಂತ ಹಾಡಿದ್ನರಿ ಅಂವ? ಬಿಡಿಸಿ ಹೇಳ್ರಿ ನಮಗೂ."

ನಲವತ್ತು ಹೆಂಗಸರು ಕಿವಿ ನಿಮಿರಿಸಿದರು. ಶಿಲ್ಪಾ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

ನಿಜ ಹೇಳಲೇ? ಆ ಅರಚಾಟದಲ್ಲಿ ನನಗೆ ಒಂದು ಸಾಲೂ ತಿಳಿದಿರಲಿಲ್ಲ. ಆದರೆ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಊರ ಹೆಂಗಸರ ಎದುರು ಗೊತ್ತಿಲ್ಲ ಅನ್ನುವುದೇ? "ಹುಟ್ಟುವ ಕೂಸಿಗೆ ತಾಯಿ ಹಾಡೋ ಜೋಗುಳ" ಎಂದುಬಿಟ್ಟೆ. (ಮತ್ತ ಗಂಡಸು ಯಾಕ ಹಾಡ್ಯಾನ್ರಿ ಎಂದು ಒಬ್ಬಾಕೆ ಕೇಳಿದಳು. ಅವರ ಕಡೆ ಹಾಗೇ ಎಂದು ಬಾಯಿ ಮುಚ್ಚಿಸಿದೆ.) ಶಿಲ್ಪಾ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ.

ಊಟ ಮುಗಿಸಿ ಕೊಪ್ಪಳದ ಬಸ್ ಹತ್ತಿದ ಮೇಲೆ ಮನಸ್ಸು ಚುಚ್ಚತೊಡಗಿತು. ನಾದಿನಿಗೆ ಫೋನ್ ಮಾಡಿ ಹಾಡಿನ ಹೆಸರು ಕೇಳಿದೆ. ಮೊಬೈಲಿನಲ್ಲಿ ಹುಡುಕಿ ಸಾಹಿತ್ಯ ಓದಿದೆ. ಮನೆ ತುಂಬ ಜನರಿದ್ದಾರೆ, ನನ್ನ ಜೊತೆ ಯಾರೂ ಇಲ್ಲ, ನನ್ನನ್ನು ಕೊಲ್ಲುವ ಚಟವೊಂದೇ ನನಗಾಗಿ ಕಾಯುತ್ತದೆ, ಇದರಿಂದ ನನ್ನನ್ನು ಬಿಡಿಸಿ. ಇಷ್ಟೇ ಅದರ ಅರ್ಥ. ಇದು ಜೋಗುಳ!

ಮುಂದಿನ ಸ್ಟಾಪಿನಲ್ಲಿ ಇಳಿದು, ಸಿಕ್ಕ ಟಂಟಂ ಆಟೊ ಹತ್ತಿ ವಾಪಸ್ ಹೋದೆ.

ಶಿಲ್ಪಾ ಹಿತ್ತಲಿನಲ್ಲಿ ಒಬ್ಬಳೇ ಇದ್ದಳು. ನನ್ನನ್ನು ಕಂಡವಳೇ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಬಿಡಿಸಿ ನೋಡಿದೆ. ಒಂದು ಪುಟ್ಟ ಡಬ್ಬಿ. ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ. ಏಳು ತಿಂಗಳ ಬಸುರಿಯ ಕೈಯಲ್ಲಿ!

"ಎಷ್ಟು ಸಲ?" ಎಂದೆ.

"ಲೆಕ್ಕ ಇಲ್ರಿ. ಬಿಡಬೇಕಂತೀನಿ, ಆಗವಲ್ದು. ಕೂಸಿನ ಸಲುವಾಗಿ ಅಂಜಿಕಿ ಬರತೈತಿ. ಹಂಗ ಅಂಜಿಕಿ ಬಂದ್ರ ಮತ್ತ ಇದs ಬೇಕು."

"ಮನೆಯವರಿಗೆ ಹೇಳಬಾರದಾ?"

"ಹೇಳೇನ್ರಿ. ಬ್ಯಾಸರ ಆಗೈತಿ ಅಂದೆ. ಬಸರಾದಾಗ ಹಂಗಾಗತೈತಿ ಅಂದ್ರು." ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. "ತಂಬಾಕದ್ದು ಹೇಳಾಕ ಬಾಯಿ ಬರಲಿಲ್ಲ. ನೀವು ಬರ್ತೀರಂತ ಗೊತ್ತಿತ್ತು. ನೀವರ ಅರ್ಥ ಹೇಳ್ತೀರಿ, ಆಮ್ಯಾಲ ನಾನು ಬಾಯಿ ಬಿಡಬೇಕಂತ ಆ ಹಾಡು ಹಚ್ಚಿಸಿದ್ದೆ."

ಅದನ್ನೇ ನಾನು ಜೋಗುಳ ಎಂದಿದ್ದೆ.

ಗಂಗವ್ವನನ್ನು ಹಿತ್ತಲಿಗೆ ಕರೆದೆ. ನನ್ನ ಸುಳ್ಳು ಒಪ್ಪಿಕೊಂಡು ಹಾಡಿನ ಅರ್ಥ ಹೇಳಿದೆ. ಮೊದಲು ಅವರಿಗೆ ಸಿಟ್ಟೇ ಬಂತು.

"ಹನ್ನೊಂದ್ ಮಂದಿ ಇರೂ ಮನ್ಯಾಗ ಒಬ್ಬಾಕಿನ ಅಂದ್ರ ಹೆಂಗ್ರಿ? ಏನ್ ಕಮ್ಮಿ ಮಾಡೀವಿ ಇಕಿಗೆ?"

ಶಿಲ್ಪಾ ಡಬ್ಬಿಯನ್ನು ಅತ್ತೆಯ ಕೈಗಿಟ್ಟಳು. ಗಂಗವ್ವ ಅದನ್ನು ಗುರುತಿಸಿದರು. ಒಗೆಯುವ ಕಲ್ಲಿನ ಮೇಲೆ ಕೂತರು.

"ಇದು ನಂದs ಡಬ್ಬಿ. ಹಲ್ಲು ನೋಯ್ತಾವಂದ್ಲು, ಒಂದ್ ದಿನಕ್ಕಂತ ಕೊಟ್ಟಿದ್ದೆ. ವರ್ಷ ಆತು. ತಿರುಗಿ ಕೇಳಲೇ ಇಲ್ಲ ನಾ."

ಆಮೇಲೆ ಗಂಗವ್ವ ಡಬ್ಬಿಯನ್ನು ತಿಪ್ಪೆಗೆ ಎಸೆದು ಬಂದರು. "ನಾಳೆ ದವಾಖಾನಿಗೆ ಹೋಗೂಣು. ಜೊತಿಗೆ ನಾ ಬರ್ತೀನಿ. ಈಗ ಆ ಹಾಡು ಮತ್ತೊಮ್ಮೆ ಹಚ್ಚವಾ. ಟೀಚರ್, ನೀವು ನಿಂದರಿಸಿ ನಿಂದರಿಸಿ ಹೇಳ್ರಿ. ಈ ಸಲ ಖರೇ ಹೇಳ್ರಿ."

ಹೇಳಿದೆ, ಒಂದು ಸಾಲೂ ಬಿಡದೆ. ಗಂಗವ್ವ ಸೊಸೆಯ ಕೈ ಹಿಡಿದು ಕೇಳಿದರು. ಆದರೆ ಅಂದಿನಿಂದ ನನ್ನನ್ನು ಕಾಡುತ್ತಿರುವುದು ಬೇರೆಯೇ.

ನಾನು ಆ ಬಸ್ಸಿನಿಂದ ಇಳಿಯದೇ ಹೋಗಿದ್ದರೆ, ಆ ಹುಡುಗಿ ಇನ್ನು ಯಾವ ಭಾಷೆಯಲ್ಲಿ ಹೇಳಬೇಕಿತ್ತು?