ಹಚ್ಚೊಳ್ಳಿ ಅಜ್ಜನ ಅಚ್ಚುಮೊಳೆ

“ಸತ್ತವರ ಅಕ್ಷರ ನನ್ನ ಮಗಳ ಮದುವಿ ಕಾರ್ಡಿಗೆ ಹಾಕ್ತೀಯೇನಲೇ?”

ಬ್ರೂಸ್‌ಪೇಟೆಯ ಪ್ರೆಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಕುರುಗೋಡಿನ ಗೌಡರು ಎದ್ದು ನಿಂತರು. ಅದು ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಕಂಪೋಸಿಟರ್ ತೀರಿಹೋದವರೊಬ್ಬರ ಶಿವಗಣಾರಾಧನೆಯ ಪತ್ರಿಕೆಯನ್ನು ಬಿಚ್ಚಿ, ಅವೇ ಮೊಳೆಗಳಲ್ಲಿ ಗೌಡರ ಲಗ್ನಪತ್ರಿಕೆ ಜೋಡಿಸುತ್ತಿದ್ದ.

“ಬ್ಯಾರೆ ಮೊಳಿ ಇಲ್ರಿ ಗೌಡ್ರ. ಸೀಮೆಎಣ್ಣಿಯಾಗ ತೊಳದೀನಿ” ಎಂದ.

“ಸತ್ತಾವ್ರು ಯಾರು?”

“ಹಚ್ಚೊಳ್ಳಿ ಅಜ್ಜ ರೀ. ನೂರು ದಾಟಿದ್ದ. ಮರಿಮಕ್ಕಳ ಮದುವಿ ಊಟ ಉಂಡು ಹೋದ.”

ಗೌಡರು ಮೆಲ್ಲಗೆ ಕುಳಿತರು. “ಹಂಗಾದ್ರ ಒಂದೂ ಬಿಡಬ್ಯಾಡ, ಎಲ್ಲಾ ಹಾಕು.”

ನನ್ನ ಲಗ್ನಪತ್ರಿಕೆಯೂ ಅಂದು ಅಲ್ಲೇ ಆಯಿತು. ನನ್ನ ಪಾಲಿಗೆ ಬಂದದ್ದು ಸಂಜೆ ಸರ್ಕಸ್ಸಿನ ಹ್ಯಾಂಡ್‌ಬಿಲ್ ಬಿಚ್ಚಿದ ಮೊಳೆಗಳು. ಹಗ್ಗದ ಮೇಲಿನ ನಡಿಗೆ ಇನ್ನೂ ನಿಂತಿಲ್ಲ.