ಹಸಿರು ಪರದೆಯ ಮನೀಶ್

ಮಣಿಪಾಲದ ಕಂಪೆನಿಯಲ್ಲಿ ಆಸ್ಪತ್ರೆಗಳ ಸಾಫ್ಟ್‌ವೇರನ್ನು ಪರೀಕ್ಷಿಸುವ ಹೂಡೆ ಊರಿನ ಮನೀಶ್, ಪರೀಕ್ಷೆಗೆಂದು ರೋಗಿಗಳ ವಿವರ ತುಂಬುವ ಡೇಟಾಬೇಸ್ ಆರಿಸುವ ವಿಷಯದಲ್ಲಿ, ಕಿವಿರು ಎತ್ತಿ ನೋಡದೆ ಬಂಗುಡೆ ಮೀನು ಕೊಳ್ಳದ ತನ್ನ ತಾಯಿಗೆ ತಕ್ಕ ಮಗ. ಕಂಪ್ಯೂಟರಿನ ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಅಳಿಯುವ ಪುಟ್ಟ ಡೇಟಾಬೇಸಿನಲ್ಲಿ ಟೆಸ್ಟುಗಳೆಲ್ಲ ಚಹಾ ಆರುವುದರೊಳಗೆ ತಾವಾಗಿಯೇ ಓಡಿ ಪಾಸಾಗುತ್ತಿದ್ದವು. ಆಸ್ಪತ್ರೆಯಲ್ಲಿರುವಂಥ ದೊಡ್ಡದರಲ್ಲಿ ಊಟದ ಹೊತ್ತಿನ ತನಕ ತೆವಳಿ ಅರ್ಧಕ್ಕರ್ಧ ಫೇಲಾಗುತ್ತಿದ್ದವು. "ಆಸ್ಪತ್ರೆಯಲ್ಲಿರುವುದು ಈ ಪುಟ್ಟದಲ್ಲ ಮಾರಾಯ, ಇದರಲ್ಲಿ ಪಾಸಾಗಿ ಎಂತ ಪ್ರಯೋಜನ ಉಂಟು?" ಎಂದು ಅವನು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಕಡೆಗೆ ಮ್ಯಾನೇಜರರ ಮಗಳ ಮದುವೆಯ ಪಂಕ್ತಿಯಲ್ಲೂ ಗೋಳಾಡಿದ. ಮ್ಯಾನೇಜರರು ಪುಟ್ಟದನ್ನೇ ಆರಿಸಿದರು. ಎಲ್ಲ ಟೆಸ್ಟೂ ಪಾಸೆಂದು ಪರದೆ ದಿನವೂ ಹಸಿರಾಯಿತು. ಅದೇ ಸಾಫ್ಟ್‌ವೇರ್ ಇರುವ ಆಸ್ಪತ್ರೆಗೆ ತಾಯಿಯನ್ನು ಆಪರೇಷನ್ನಿಗೆ ಸೇರಿಸಿದ ದಿನ, ಮನೀಶ್ ಅವಳ ಅಂಗೈ ಮೇಲೆ ರಕ್ತದ ಗುಂಪನ್ನು ಪೆನ್ನಿನಿಂದ ಬರೆದು, ಬೆರಳುಗಳನ್ನು ಮಡಿಸಿ ಒಳಗೆ ಕಳಿಸಿದ.